ಕೊಗ್ಗಣ್ಣನ ‘ಜಾರಿ’

ಗುಡ್ಡ ಓದಲು ಬರುತ್ತದೆಂದು ಎದೆ ತಟ್ಟಿ ಹೇಳುವ ಎಂಜಿನಿಯರುಗಳನ್ನು ಒಮಾನಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ನಿಜವಾಗಿ ಬರುತ್ತಿದ್ದದ್ದು ನಮ್ಮ ಕೊಗ್ಗಣ್ಣನಿಗೆ. ಬಂಟ್ವಾಳದ ಕಡೆಯವರು, ಓದಿದ್ದು ಏಳನೇ ಕ್ಲಾಸು. 2005ರಲ್ಲಿ ಜಬಲ್ ಅಖ್ದರ್ ಬೆಟ್ಟದಲ್ಲಿ ರಸ್ತೆ ಕಡಿಯುತ್ತಿದ್ದ ಕಂಪನಿಯೊಂದರಲ್ಲಿ ಅವರು ಫೋರ್‌ಮನ್, ನಾನು ಮೈಸೂರಿನಿಂದ ಹೋದ ಗುಮಾಸ್ತ.

ಮಳೆಯೋ ಆಲಿಕಲ್ಲೋ ಬಿದ್ದ ಮರುದಿನ ರಸ್ತೆ ತೆರೆಯುವ ಮುಂಚೆ ಕೊಗ್ಗಣ್ಣ ಇಳಿಜಾರು ಹತ್ತುತ್ತಿದ್ದರು. ಮೊಣಕಾಲುದ್ದದ ಗುಂಡಿ ತೋಡಿ, ಅದರ ಗೋಡೆಯನ್ನು ಮೇಲಿಂದ ಕೆಳಗೆ ಬೆರಳಿನಿಂದ ಒತ್ತುತ್ತ ಬರುವರು. ಮೇಲ್ಪದರ ಗಟ್ಟಿಯಿದ್ದರೆ ಅವರಿಗೆ ಸಮಾಧಾನವಿಲ್ಲ. ಅದರಡಿಯ ಮಣ್ಣು ನೀರು ಕುಡಿದು ಬೆಣ್ಣೆಯಂತಾಗಿದೆಯೇ ಎಂಬುದೇ ಚಿಂತೆ. ಆಮೇಲೆ ಹಾರೆಯಿಂದ ಕುಟ್ಟಿ ಕಿವಿಗೊಡುವರು. ಆ ವರ್ಷ ಮೂರು ಸಲ ರಸ್ತೆ ಮುಚ್ಚಿಸಿದ್ದರು. ಮೂರು ಸಲವೂ ಒಂದು ಕಲ್ಲೂ ಉರುಳಲಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ, ಈಗ ನಾಚಿಕೆಯಾಗುತ್ತದೆ. ಇನ್ನೊಮ್ಮೆ ಸುಮ್ಮನೆ ಮುಚ್ಚಿಸಿದರೆ ದೂರದ ರೂವಿ ಪೇಟೆಯ ಗೋಡೌನಿಗೆ ದಬ್ಬುತ್ತೇನೆಂದು, ಕೊಗ್ಗಣ್ಣನ ಊರಿನ ಕಡೆಯವರೇ ಆದ ಮ್ಯಾನೇಜರ್ ರಾಬರ್ಟ್ ಹೇಳಿಯೂ ಆಗಿತ್ತು.

ಮಾರ್ಚ್ ತಿಂಗಳ ಒಂದು ಗುರುವಾರ. ಹಿಂದಿನ ದಿನ ಸಿಕ್ಕಾಪಟ್ಟೆ ಆಲಿಕಲ್ಲು ಬಿದ್ದಿತ್ತು. ಮೇಲಿನ ಕ್ಯಾಂಪಿನಿಂದ ನಲವತ್ತು ಮಂದಿ ಶುಕ್ರವಾರದ ವಾರದ ರಜೆಗೆಂದು ಬಸ್ಸು ಹತ್ತಿದೆವು. ಡ್ರೈವರ್ ಪಠಾಣ, ಕನ್ನಡ ಬಾರದು. ಕೊಗ್ಗಣ್ಣನ ಹಿಂದಿಯೋ ದೇವರಿಗೇ ಪ್ರೀತಿ: ಪದ ಸಿಗದಲ್ಲಿ ಕನ್ನಡ ತುರುಕಿ, ಕೊನೆಗೊಂದು ‘ಹೈ’ ಅಂಟಿಸಿದರೆ ಮುಗಿಯಿತು. ರಸ್ತೆ ಹೇಗಿದೆ ಎಂದು ಪಠಾಣ ವೈರ್‌ಲೆಸ್ಸಿನಲ್ಲಿ ಕೇಳಿದ.

“ಜಾರಿ ಹೈ! ಪೂರಾ ಜಾರಿ ಹೈ!” ಎಂದು, ಬೆಳಗ್ಗೆಯೇ ಇಳಿಜಾರು ನೋಡಲು ಹೋಗಿದ್ದ ಕೊಗ್ಗಣ್ಣ ಕೆಳಗಿನಿಂದ ಕೂಗಿದರು.

ಹಿಂದಿಯಲ್ಲಿ ಜಾರಿ ಎಂದರೆ ನಡೆಯುತ್ತಿದೆ ಎಂದು. ಪಠಾಣ ಖುಷಿಯಾಗಿ “ಯಲ್ಲಾ, ಚಲೋ” ಎಂದು ಗೇರು ಹಾಕಿದ. ಕನ್ನಡದವನಾದ ನನಗಾದರೂ ಹೊಳೆಯಬೇಡವೇ? ಗುಮಾಸ್ತನ ತಲೆ, ನೆನಪಾದದ್ದು ಆದೇಶ ಜಾರಿ! ಗುಡ್ಡ ಜಾರುತ್ತಿದೆ ಎಂಬ ಅರ್ಥ ತಟ್ಟುವಷ್ಟರಲ್ಲಿ ಬಸ್ಸು ಎರಡು ತಿರುವು ಇಳಿದಿತ್ತು. “ರೋಕೋ!” ಎಂದು ಕಿರುಚಿದೆ. ಮೂರನೆಯ ತಿರುವಿನಲ್ಲಿ, ಆ ಇಳಿಜಾರಿನ ಬುಡದಲ್ಲೇ, ಕೊಗ್ಗಣ್ಣ ಕೈಯಗಲಿಸಿ ನಡುರಸ್ತೆಯಲ್ಲಿ ನಿಂತಿದ್ದರು. ಬಸ್ಸು ಅವರಿಂದ ಒಂದು ಮಾರು ದೂರದಲ್ಲಿ ನಿಂತಿತು. ಅದನ್ನು ಹಿಂದಕ್ಕೆ ತೆಗೆಸಿ, ತಾವೂ ನಮ್ಮ ಜತೆ ಮೇಲಕ್ಕೆ ಬಂದರು.

ಹಿಂದಿನಿಂದ ಜೀಪಿನಲ್ಲಿ ಬಂದ ರಾಬರ್ಟ್ ಕೆಂಡವಾಗಿದ್ದರು. “ಎಂತದು ಕೊಗ್ಗ, ಪುನಃ ಶುರುವಾ? ಇವತ್ತೂ ಬೀಳದಿದ್ರೆ ನೀನು ಖಲಾಸ್!”

“ಗೋಡೌನಿಗೇ ಹಾಕಿ ಸರ್. ಬಸ್ಸು ಮಾತ್ರ ಬಿಡುದಿಲ್ಲ.”

ಒಂದು ಗಂಟೆ ಕಾದೆವು. ಎರಡಾಯಿತು. ಜನ ಗೊಣಗತೊಡಗಿದರು. ಕೊಗ್ಗಣ್ಣನ ಮುಖ ಸಣ್ಣದಾಗಿತ್ತು, ಆದರೂ ಜಗ್ಗಲಿಲ್ಲ. ಆಗ ಗುಡ್ಡದೊಳಗೆ ಏನೋ ಮುರಿದ ಸದ್ದಾಯಿತು. ಇಡೀ ಮೇಲ್ಪದರ ಚಾಪೆ ಎಳೆದ ಹಾಗೆ ಜಾರಿ ಬಂದು, ಮೂರನೆಯ ತಿರುವನ್ನೇ ಹೊತ್ತುಕೊಂಡು ಕಣಿವೆಗೆ ಇಳಿಯಿತು. ಪಠಾಣ ಕೊಗ್ಗಣ್ಣನನ್ನು ಅಪ್ಪಿಕೊಂಡ. ಇವರು ನಮ್ಮ ಭಾಷೆಯವರು ಎಂದು ನನಗೆ ಎದೆ ಉಬ್ಬಿ ಕಣ್ಣೀರೇ ಬಂತು.

ರಾಬರ್ಟ್ ಕೊಗ್ಗಣ್ಣನ ಬಳಿಗೆ ನಡೆದು ಬಂದರು. ಆಮೇಲೆ ಮೆಲ್ಲಗೆ, “ರಸ್ತೆ ಯಾವಾಗ ತೆಗೆಯುವ, ಕೊಗ್ಗಣ್ಣ?” ಎಂದರು.

“ನಾಳೆ ಗುಂಡಿ ತೋಡಿ ನೋಡಿ ಹೇಳ್ತೇನೆ ಸರ್.”

“ನಾನೂ ಬರ್ತೇನೆ. ನೋಡುದು ಹೇಗೆ ಅಂತ ನನಗೂ ಸ್ವಲ್ಪ ಕಲಿಸಿ.”