ಹಿರಿಯರ ಕಾಗದಕ್ಕೆ ಬಿಸಿಲು

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಪಕ್ಕದ ಮನೆಯ ಕಾಕಾ ಪ್ರತಿ ಬೇಸಿಗೆಯಲ್ಲೂ ತಮ್ಮ ಮನೆತನದ ಕಾಗದಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿ, ಕೋಟು ಟೋಪಿ ತೊಟ್ಟು ಅವುಗಳೆದುರು ಬೆವರುತ್ತ ನಿಲ್ಲುತ್ತಿದ್ದರು. ಕಮಲಾಪುರದಲ್ಲಿದ್ದ ಅವರ ಜಹಗೀರು ಎಂದೋ ಹೋಗಿತ್ತು. ಉಳಿದದ್ದು ಒಂದು ಟ್ರಂಕು ಕಾಗದ. ಎಲ್ಲ ಹಳೆಯ ಮೋಡಿ ಲಿಪಿ, ಮನೆಯಲ್ಲಿ ಯಾರಿಗೂ ಓದಲು ಬಾರದು.

"ಇವು ಹಿರ್ಯಾರ ಮಾತರೀ, ನಾವು ಮೀರೂದಿಲ್ಲ," ಎನ್ನುತ್ತಿದ್ದರು.

ಒಮ್ಮೆ ನಾನೇ ಮೋಡಿ ಬಲ್ಲ ಮಾಸ್ತರರೊಬ್ಬರನ್ನು ಕರೆದೊಯ್ದೆ. ಕಾಕಾ ದಿನವೂ ಪೂಜಿಸುವ, ಕುಂಕುಮ ಹತ್ತಿದ ಪತ್ರವನ್ನೇ ಮೊದಲು ಕೊಟ್ಟರು. ಮಾಸ್ತರರು ಓದಿ ಕನ್ನಡಕ ತೆಗೆದರು.

"'ಓದಿದ ಕೂಡ್ಲೇ ಸುಟ್ಟುಬಿಡ್ರಿ' ಅಂತ ಬರದಾರ್ರೀ."

ಕಾಕಾ ಟೋಪಿ ತೆಗೆದು ಬೆವರು ಒರೆಸಿಕೊಂಡರು. ಆಮೇಲೆ ಪತ್ರವನ್ನು ಮೆಲ್ಲಗೆ ಮಡಚಿ ಟ್ರಂಕಿನಲ್ಲಿಟ್ಟು ಎಂದರು:

"ನಮ್ಮ ಮನ್ಯಾಗ ಯಾರೂ ಇನ್ನಾ ಓದೇ ಇಲ್ಲಲ್ರೀ!"