ಅಳದ ಕೂಸು

ಒಂದು ಕೂಸಿನ ರಕ್ತದ ವರದಿಯನ್ನು ನಾನು ಮುಚ್ಚಿಟ್ಟೆ. ಅದು ಕಳೆದುಹೋಗಲಿಲ್ಲ, ನಾನು ಮರೆಯಲೂ ಇಲ್ಲ — ಮುಚ್ಚಿಟ್ಟೆ. ಆ ಕೂಸಿಗೆ ಈಗ ಹತ್ತು ವರ್ಷ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಾಳೆ. ಎರಡು ಮಾತು ಕೂಡಿಸಿ ಆಡಲು ಬರುವುದಿಲ್ಲ.

ಆಗ ನಾನು ಸೇಡಂನ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಐನಾಪುರದ ನಿಂಗಮ್ಮ ಅಲ್ಲಿ ಚೊಚ್ಚಲು ಹೆಣ್ಣು ಹಡೆದಳು. ನಮ್ಮ ಡಾಕ್ಟರು ಹುಟ್ಟಿದ ಪ್ರತಿ ಕೂಸಿನ ಹಿಮ್ಮಡಿ ಚುಚ್ಚಿಸಿ, ನಾಲ್ಕು ಹನಿ ರಕ್ತವನ್ನು ಕಾಗದಕ್ಕೆ ಹಿಡಿಸಿ ಪರೀಕ್ಷೆಗೆಂದು ಹೈದರಾಬಾದಿನ ಲ್ಯಾಬಿಗೆ ಕಳಿಸುತ್ತಿದ್ದರು. ಮೂರನೆಯ ದಿನ ಆ ಹನಿ ಹಿಡಿದವಳು ನಾನು. ಮನೆಯವರ ಫೋನ್ ನಂಬರು ಬರೆದುಕೊಳ್ಳಬೇಕಾದವಳೂ ನಾನೇ. ಡ್ಯೂಟಿ ಮುಗಿಯುವ ಹೊತ್ತು — ಆಮೇಲೆ ಕೇಳಿದರಾಯಿತು ಎಂದು ಆ ಜಾಗ ಖಾಲಿ ಬಿಟ್ಟೆ. ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವರು ಊರಿಗೆ ಹೋಗಿಯಾಗಿತ್ತು.

ವಾರಕ್ಕೆ ಲ್ಯಾಬಿನಿಂದ ಫೋನು ಬಂತು. ಥೈರಾಯ್ಡ್ ಪರೀಕ್ಷೆ ಸರಿಯಿಲ್ಲ, ಟಿಎಸ್‌ಎಚ್ ವಿಪರೀತ ಹೆಚ್ಚಿದೆ, ಕೂಸನ್ನು ಕೂಡಲೇ ಕರೆಸಿ ಎಂದರು.

ಅದರ ಅರ್ಥ ನನಗೆ ಗೊತ್ತಿತ್ತು. ಗಂಟಲಿನ ಬುಡದಲ್ಲಿ, ಉಸಿರಿನ ಕೊಳವೆಗೆ ಆತುಕೊಂಡು ಒಂದು ಸಣ್ಣ ಗ್ರಂಥಿ ಇದೆ. ಅದು ರಕ್ತಕ್ಕೆ ಬಿಡುವ ರಸದಿಂದಲೇ ಮೈಯ ಎಲ್ಲ ಕೆಲಸ ತನ್ನ ವೇಗದಲ್ಲಿ ನಡೆಯುವುದು. ರಸ ಕಡಿಮೆಯಾದರೆ ತಲೆಯೊಳಗಿನಿಂದ ‘ಇನ್ನೂ ಬೇಕು, ಇನ್ನೂ ಬೇಕು’ ಎಂದು ಅಪ್ಪಣೆ ಬರುತ್ತಲೇ ಇರುತ್ತದೆ. ವರದಿಯಲ್ಲಿ ಏರಿದ ಟಿಎಸ್‌ಎಚ್ ಎಂದರೆ ಆ ಅಪ್ಪಣೆ. ನನಗೂ ಇದೇ ಕಾಯಿಲೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ನುಂಗುತ್ತೇನೆ. ನುಂಗದಿದ್ದರೆ ನನಗೆ ಆಯಾಸ, ಮೈ ಊತ, ಮರೆವು — ಮತ್ತೆ ನುಂಗಿದರೆ ಹೋಗುತ್ತವೆ. ಕೂಸಿಗೆ ಹಾಗಲ್ಲ. ಅದರ ಮಿದುಳು ಬೆಳೆಯುವುದೇ ಆ ಮೊದಲ ತಿಂಗಳುಗಳಲ್ಲಿ, ಆ ರಸದ ಬಲದಿಂದ. ತಡವಾದದ್ದು ತಿರುಗಿ ಬರುವುದಿಲ್ಲ. ಅದೇ ಮಾತ್ರೆಯ ಚೂರನ್ನು ಅರೆದು ತಾಯಿಯ ಹಾಲಿನಲ್ಲಿ ಕುಡಿಸಿದ್ದರೆ ಸಾಕಿತ್ತು — ಅಷ್ಟೇ ಸಾಕಿತ್ತು.

ಡಾಕ್ಟರಿಗೆ ಹೇಳಿದರೆ ನಂಬರು ಕೇಳುತ್ತಾರೆ. ಹಿಂದೊಮ್ಮೆ ಇಂಥದೇ ತಪ್ಪಿಗೆ ಎಲ್ಲರೆದುರು ಬೈಸಿಕೊಂಡಿದ್ದೆ. ನಾನೇ ಐನಾಪುರಕ್ಕೆ ಹೋಗಿ ಬರುತ್ತೇನೆ, ಭಾನುವಾರ ಹೋಗುತ್ತೇನೆ ಎಂದುಕೊಂಡೆ. ಭಾನುವಾರ ಹೋಗಲಿಲ್ಲ. ಮುಂದಿನ ಭಾನುವಾರವೂ — ಲಸಿಕೆಗೆ ಬಂದೇ ಬರುತ್ತಾರೆ, ಆಗ ಹೇಳಿದರಾಯಿತು ಎಂದುಕೊಂಡೆ. ಫೋನಿನಲ್ಲಿ ಕೇಳಿ ಬರೆದುಕೊಂಡಿದ್ದ ಚೀಟಿಯನ್ನು ಹರಿದು ಹಾಕಿದೆ. ಆಮೇಲೆ ಲ್ಯಾಬಿನವರ ಕಾಗದ ಬಂದಾಗ ಅದನ್ನೂ.

ಲಸಿಕೆಯನ್ನು ಅವರು ಊರಲ್ಲೇ ಹಾಕಿಸಿದರಂತೆ. ನಾಲ್ಕು ತಿಂಗಳಿಗೆ ನಿಂಗಮ್ಮ ಬಂದಳು, ಕೂಸಿಗೆ ಕೆಮ್ಮು ಎಂದು. ನಾನು ಕೂಸಿಗೆ ಹೊದಿಸಿದ್ದ ದುಪಟಿ ಸರಿಸಿ ನೋಡಿದೆ. ಊದಿದ ಮುಖ, ಬಾಯಿಂದ ಹೊರಗೆ ಇಣುಕುವ ದಪ್ಪ ನಾಲಿಗೆ, ಉಬ್ಬಿದ ಹೊಕ್ಕುಳ, ತಣ್ಣನೆಯ ಒಣ ಚರ್ಮ.

"ನೋಡ್ರಿ ಸಿಸ್ಟರ್, ನಮ್ಮ ಅಂಬಿಕಾ ಅಳೋದೇ ಇಲ್ಲ" ಎಂದಳು, ಹೆಮ್ಮೆಯಿಂದ. "ಹಾಲಿಗಿ ಸುದ್ದಾ ನಾನೇ ಎಬ್ಬಸಬೇಕು. ಓಣ್ಯಾಗ ಎಲ್ಲಾರೂ ಶಾಣ್ಯಾ ಕೂಸು ಅಂತಾರ."

ಆಗಲೂ ಹೊತ್ತು ಪೂರ್ತಿ ಮೀರಿರಲಿಲ್ಲ. ಆ ದಿನ ಬಾಯಿ ಬಿಟ್ಟಿದ್ದರೂ ಏನಾದರೂ ಉಳಿಯುತ್ತಿತ್ತು — ಎಷ್ಟು ಉಳಿಯುತ್ತಿತ್ತೋ. ಆದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ?

"ಹೌದವ್ವಾ, ಭಾಳ ಶಾಣ್ಯಾ ಅದ" ಎಂದೆ.

ಅವಳು ನಕ್ಕಳು. ಡಾಕ್ಟರು ಅಂದು ರಜೆಯಲ್ಲಿದ್ದರು. ಕೆಮ್ಮಿನ ಔಷಧಿ ಕೊಟ್ಟು ಕಳಿಸಿಬಿಟ್ಟೆ.

ವರ್ಷ ತುಂಬಿದರೂ ಕೂಸು ಕೂರಲಿಲ್ಲ. ಆಮೇಲೆ ಕಲಬುರಗಿಯಲ್ಲಿ ಯಾರೋ ಡಾಕ್ಟರು ಮುಖ ನೋಡುತ್ತಲೇ ಕಂಡುಹಿಡಿದು ಮಾತ್ರೆ ಶುರು ಮಾಡಿದರಂತೆ. ಊತ ಇಳಿಯಿತು, ನಡೆಯಲು ಕಲಿತಳು. ಬುದ್ಧಿ ಮಾತ್ರ ಬೆಳೆಯಲಿಲ್ಲ. ಒಂದು ದಿನ ನಿಂಗಮ್ಮ ಆಸ್ಪತ್ರೆಗೆ ಬಂದು ನನ್ನ ಮುಂದೆ ಕೂತಳು.

"ನಂದೇನು ತಪ್ಪಾಯ್ತರಿ ಸಿಸ್ಟರ್? ಗ್ರಹಣದಾಗ ಹೊರಗ ಹೋಗಿದ್ದಿ, ಅದಕ್ಕೇ ಹಿಂಗಾಗ್ಯದ ಅಂತಾಳ ಅತ್ತಿ. ಖರೆ ಏನ್ರಿ?"

ಅಲ್ಲ ಎನ್ನಲು ಒಂದೇ ಮಾತು ಸಾಕಿತ್ತು. "ಎಲ್ಲಾ ದೇವರಾಟ ಅವ್ವಾ" ಎಂದೆ — ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ದಿನಾ ಅದನ್ನು ಅಂಗೈಯಲ್ಲಿಟ್ಟು ಪೂಜಿಸುವವಳು ನಾನು. ಅಷ್ಟು ವರ್ಷ ಆ ಹೆಣ್ಣುಮಗಳು ಆ ಅಪವಾದ ಹೊತ್ತಳು. ಇನ್ನೊಂದು ಹಡೆಯಲು ಹೆದರಿದಳಂತೆ.

ಅದು ಕಿವಿಗೆ ಬಿದ್ದ ಮೇಲೆ ತಡೆಯಲಾಗದೆ, ಹೋದ ತಿಂಗಳು ಡಾಕ್ಟರಿಗೆ ಎಲ್ಲವನ್ನೂ ಬರೆದು, ಸಹಿ ಹಾಕಿ ಕೊಟ್ಟೆ. ಆಮೇಲೆ ಐನಾಪುರಕ್ಕೆ ಹೋದೆ. ಅತ್ತೆಯನ್ನೂ ಕರೆದು ಕೂಡಿಸಲು ಹೇಳಿ, ಇಬ್ಬರ ಎದುರಿಗೆ ಹೇಳಿದೆ. ಅತ್ತೆ ಸೊಸೆಯ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದಳು. ನಿಂಗಮ್ಮ ಅಳಲಿಲ್ಲ, ಬೈಯಲಿಲ್ಲ.

"ನಿಮಗ ಎಷ್ಟು ದಿನಕ್ಕ ಗೊತ್ತಾಗಿತ್ತರಿ?" ಎಂದಳು.

"ಹತ್ತು ದಿನದ ಕೂಸಿದ್ದಾಗ."

"ಹತ್ತು ದಿನ" ಎಂದಳು. ಬಾಗಿಲ ಕಡೆ ಕೈ ತೋರಿಸಿ, "ಹೋಗ್ರಿ. ಇನ್ನ ನಮ್ಮನಿಗಿ ಬರಬ್ಯಾಡ್ರಿ" ಎಂದಳು.

ಎದ್ದೆ. ಮೂಲೆಯಲ್ಲಿ ಕೂತಿದ್ದ ಅಂಬಿಕಾ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ನಗುತ್ತ ಹೊಸ್ತಿಲ ತನಕ ಬಂದಳು. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಹೇಳಿದರೂ ತಿಳಿಯುವುದಿಲ್ಲ — ನಾನು ಅವಳಿಂದ ಕಿತ್ತುಕೊಂಡದ್ದು ಆ ತಿಳಿವನ್ನೇ.