ಎಕ್ಸ್ ದರ್ಜೆಯ ಶಾಫ್ಟ್ ಮತ್ತು ಅರಕೇರಾದ ಅಮರಪ್ಪ

1979ರಲ್ಲಿ ನಾನು ರಾಯಚೂರಿನಲ್ಲಿ ಕಾಲುವೆ ಯೋಜನೆಯ ಯಾಂತ್ರಿಕ ಉಪವಿಭಾಗದ ಸಹಾಯಕ ಇಂಜಿನಿಯರ್ ಆಗಿದ್ದೆ. ಬುಲ್‌ಡೋಜರ್, ಪಂಪು, ಟಿಪ್ಪರ್‌ಗಳು ಕೆಟ್ಟರೆ ನನ್ನ ವರ್ಕ್‌ಶಾಪಿಗೆ ಬರುತ್ತಿದ್ದವು. ಬಂದವು ಬಹುಮಟ್ಟಿಗೆ ಅಲ್ಲಿಯೇ ನೆಲೆಸುತ್ತಿದ್ದವು. ಮೂವತ್ತೊಂದು ವರ್ಷದ ಸೇವೆಯಲ್ಲಿ ನಾನು ಎಷ್ಟು ಯಂತ್ರ ಸರಿಪಡಿಸಿದೆ, ಎಷ್ಟು ಕೆಡಿಸಿದೆ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ಆದರೆ ಒಬ್ಬ ಮನುಷ್ಯನ ಒಳ್ಳೆಯ ಕೈಯನ್ನು ಕೆಡಿಸಿದ ದಿನಗಳು ಮಾತ್ರ ಒಂದೊಂದಾಗಿ ನೆನಪಿವೆ. ಆ ಅಪರಾಧಕ್ಕೆ ಗಾಲ್ಫ್ ಆಟವು ನೆಪವಾದ್ದರಿಂದ, ಮಾನ್ವಿಗೆ ಗಾಲ್ಫ್ ಬಂದ ಬಗೆಯನ್ನು ಮೊದಲು ಹೇಳಬೇಕು.

ಆ ವರ್ಷದ ಜೂನ್‌ನಲ್ಲಿ ನಮಗೆ ಹೊಸ ಸೂಪರಿಂಟೆಂಡಿಂಗ್ ಇಂಜಿನಿಯರ್ ಬಂದರು. ಅವರ ಸಾಮಾನಿನ ಲಾರಿಯಲ್ಲಿ ಒಂದು ಉದ್ದನೆಯ ಚರ್ಮದ ಚೀಲವಿತ್ತು. ಅದರೊಳಗೆ ಬಂದೂಕು ಇದೆಯೆಂದು ಕಚೇರಿಯವರೆಲ್ಲ ಒಂದು ವಾರ ಬಹಳ ಶಿಸ್ತಿನಿಂದ ನಡೆದುಕೊಂಡರು. ಕೊನೆಗೆ ಹೊರಬಂದದ್ದು ಹದಿನಾಲ್ಕು ಗಾಲ್ಫ್ ಕೋಲುಗಳು. ಅದೇ ತಿಂಗಳಲ್ಲಿ ಮಾನ್ವಿಯ ಕಾಲುವೆ ಕ್ಯಾಂಪಿನ ಹಿಂದೆ, ಕ್ವಾರ್ಟರ್ಸಿಗೂ ಕಾಲುವೆ ಏರಿಗೂ ನಡುವಿನ ಕರಿಮಣ್ಣಿನ ಬಯಲಿನಲ್ಲಿ, ಆರು ಕುಳಿಗಳ ಮೈದಾನ ತಯಾರಾಯಿತು. ಹುಲ್ಲು ಬೆಳೆಸುವ ಮಾತು ಅಲ್ಲಿ ಬರುವುದಿಲ್ಲ. ಆದ್ದರಿಂದ ಕುಳಿಯ ಸುತ್ತ ಮರಳು ಹರಡಿ, ಎಣ್ಣೆ ಸುರಿದು, ರೋಲರ್ ಓಡಿಸಿ ಗಟ್ಟಿ ಮಾಡುತ್ತಿದ್ದರು. ಇದಕ್ಕೆ ಬ್ರೌನ್ ಎಂದು ಹೆಸರು. ಎಂಜಿನ್‌ಗಳಿಂದ ತೆಗೆದ ಹಳೆಯ ಎಣ್ಣೆ ನನ್ನ ವರ್ಕ್‌ಶಾಪಿನಲ್ಲಿ ಹೇರಳವಾಗಿತ್ತು. ಹೀಗೆ ನಾನು ಕ್ರೀಡಾಲೋಕವನ್ನು ಪ್ರವೇಶಿಸಿದೆ.

ಎಣ್ಣೆ ಕೊಟ್ಟವನಿಗೆ ಕೋಲುಗಳ ಉಸ್ತುವಾರಿಯೂ ಬಂತು. ಗಾಲ್ಫ್ ಕೋಲಿಗೆ ಮೂರು ಭಾಗ: ಕೆಳಗೆ ತಲೆ, ಮೇಲೆ ಹಿಡಿ, ನಡುವಿನ ಉಕ್ಕಿನ ಕೊಳವೆ ಶಾಫ್ಟ್. ಬೀಸುವಾಗ ಶಾಫ್ಟ್ ಸ್ವಲ್ಪ ಬಾಗಿ, ಚೆಂಡನ್ನು ಮುಟ್ಟುವ ಹೊತ್ತಿಗೆ ನೆಟ್ಟಗಾಗಬೇಕು. ಎಷ್ಟು ಬಾಗಬೇಕೆಂಬುದಕ್ಕೆ ಐದು ದರ್ಜೆ. ಎಲ್ ಎಂದರೆ ಹೆಂಗಸರಿಗೆ, ಎ ಎಂದರೆ ವಯಸ್ಸಾದವರಿಗೆ, ಆರ್ ಸಾಧಾರಣ, ಎಸ್ ಬಿಗಿ, ಎಕ್ಸ್ ಅತಿ ಬಿಗಿ. ನಿಧಾನವಾಗಿ ಬೀಸುವವನಿಗೆ ಮೆದು ಶಾಫ್ಟ್, ವೇಗವಾಗಿ ಬೀಸುವವನಿಗೆ ಬಿಗಿ ಶಾಫ್ಟ್. ಇದು ವಿಜ್ಞಾನ. ಇಲಾಖೆಯಲ್ಲಿ ವಿಜ್ಞಾನಕ್ಕಿಂತ ಮೇಲೆ ಜ್ಯೇಷ್ಠತಾ ಪಟ್ಟಿ ಇರುತ್ತದೆ.

ಸಾಹೇಬರು ಹೊಸ ಶಾಫ್ಟ್‌ಗಳನ್ನು ತರಿಸಲು ಹೊರಟಾಗ ನನ್ನನ್ನು ಕರೆದು ಕೇಳಿದರು: “ನಮ್ಮ ಎಕ್ಸಿಕ್ಯೂಟಿವ್ ಇಂಜಿನಿಯರ್ ಯಾವುದರಲ್ಲಿ ಆಡ್ತಾರೆ?”

“ಎಸ್, ಸರ್.”

ಸಾಹೇಬರಿಗೆ ಐವತ್ನಾಲ್ಕು ವರ್ಷ. ಅವರು ಕೋಲು ಬೀಸಿದರೆ ಮೇಲೆ ಕೂತ ನೊಣ ಎದ್ದು ಹೋಗಲು ಸಮಯವಿರುತ್ತಿತ್ತು. ನ್ಯಾಯವಾಗಿ ಎ ದರ್ಜೆ. ಆದರೆ ಕೈಕೆಳಗಿನ ಅಧಿಕಾರಿ ಎಸ್‌ನಲ್ಲಿ ಆಡುವಾಗ ಮೇಲಧಿಕಾರಿಗೆ ಎ ಬರೆಯುವ ಎದೆ ನನಗಿರಲಿಲ್ಲ. ಎಕ್ಸ್ ಎಂದು ಬರೆದೆ. ಅವರು ಗಂಭೀರವಾಗಿ ಸಹಿ ಹಾಕಿದರು. ನವೆಂಬರ್ ಹೊತ್ತಿಗೆ ಅವರ ಮೊಣಕೈ ಊದಿ, ಕಡತಗಳಿಗೆ ಸಹಿ ಹಾಕುವುದೂ ಕಷ್ಟವಾಯಿತು. ಎಕ್ಸ್ ಕೋಲುಗಳು ನನ್ನ ಸ್ಟೋರಿಗೆ ಬಂದು ಮೂಲೆ ಸೇರಿದವು. ಇದರಿಂದ ನಾನು ಏನಾದರೂ ಕಲಿಯಬೇಕಿತ್ತು. ಕಲಿಯಲಿಲ್ಲ.

ಆ ಮೈದಾನಕ್ಕೆ ಒಬ್ಬ ಕಾವಲುಗಾರನಿದ್ದ. ಹೆಸರು ಅಮರಪ್ಪ, ದೇವದುರ್ಗದ ಕಡೆಯ ಅರಕೇರಾದವನು, ಇಪ್ಪತ್ತಾರು ವರ್ಷ. ಕುರಿ ಕಾಯುವ ಮನೆತನ. ಮಸ್ಟರ್ ರೋಲಿನಲ್ಲಿ ಹೆಸರಿದ್ದ ದಿನಗೂಲಿ ನೌಕರ. ಅಂದರೆ ಕೆಲಸ ಮುಗಿದ ದಿನ ನೌಕರಿಯೂ ಮುಗಿಯುವವನು. ಬ್ರೌನ್ ಮೇಲೆ ಹಂದಿ ಹೊರಳದಂತೆ ನೋಡಿಕೊಳ್ಳುವುದು, ಕಳೆದ ಚೆಂಡು ಹುಡುಕುವುದು ಅವನ ಕರ್ತವ್ಯ. ಹೆಂಡತಿ ಹುಲಿಗೆವ್ವ ಕ್ಯಾಂಪಿನಲ್ಲೇ ಕಲ್ಲು ಹೊರುವ ಕೆಲಸದಲ್ಲಿದ್ದಳು.

ಡಿಸೆಂಬರ್‌ನ ಒಂದು ಬೆಳಿಗ್ಗೆ ನಾನು ಎಣ್ಣೆಯ ಪೀಪಾಯಿಗಳೊಂದಿಗೆ ಮಾನ್ವಿಗೆ ಹೋದಾಗ ಅಮರಪ್ಪ ಒಬ್ಬನೇ ಚೆಂಡು ಹೊಡೆಯುತ್ತಿದ್ದ. ಕೈಯಲ್ಲಿದ್ದದ್ದು ಬಿದಿರಿನ ಕೋಲು. ತುದಿಗೆ ಜಾಲಿಯ ಬೇರಿನಿಂದ ಕೆತ್ತಿದ ತಲೆ. ಕೋಲನ್ನು ಹಿಂದಕ್ಕೆ ಎತ್ತಿ, ಮೇಲೆ ಒಂದು ಕ್ಷಣ ತಡೆದ. ಬೀಸಿದ. ಚೆಂಡು ಇನ್ನೂರು ಗಜ ದಾಟಿ ಪಂಪ್ ಹೌಸಿನ ಮುಂದಿನ ಬೇವಿನ ಮರದಡಿ ಬಿತ್ತು. ಇನ್ನೊಂದು ಹೊಡೆದ. ಅದೂ ಅಲ್ಲೇ ಬಿತ್ತು. ಹತ್ತರಲ್ಲಿ ಎಂಟು ಆ ಮರದಡಿಯೇ ಬಿದ್ದವು.

“ಯಾರು ಕಲಿಸ್ಯಾರಪಾ ನಿನಗ?”

“ಯಾರು ಕಲಿಸ್ತಾರ್ರೀ. ಇದು ನಮ್ಮಪ್ಪನ ದೋಟಿ ತುದಿ ಅದ.”

ದೋಟಿ ಎಂದರೆ ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಗಳ. ಜಾಲಿ ಮರದ ಮೇಲಿನ ಕೊಂಬೆಯನ್ನು ಕುರಿಗಳಿಗೆ ಕಡಿದು ಕೆಡವಲು ಬೇಕು. ಅವನ ತಂದೆ ಇಪ್ಪತ್ತು ವರ್ಷ ಎಣ್ಣೆ ಸವರಿ ಹದ ಮಾಡಿದ ಗಳ ಅದು. ಮೇಲೆ ಯಾಕೆ ತಡೆಯುತ್ತೀ ಎಂದು ಕೇಳಿದೆ.

“ದೋಟಿ ಎತ್ತಿದ್ರ ತುದಿ ಹಿಂದ ಉಳೀತದ್ರೀ. ಅದು ಬರೂತನಾ ಕೈ ಸುಮ್ಮನಿರಬೇಕು. ಅವಸರ ಮಾಡಿದ್ರ ಟೊಂಗಿ ತಪ್ಪಿ ನಮ್ಮ ತಲಿ ಮ್ಯಾಲ ಬೀಳತದ.”

ಶಾಫ್ಟ್‌ನ ಬಾಗುವಿಕೆಯನ್ನು ಕುರಿತು ಅನಂತರ ಎಷ್ಟೋ ಓದಿದ್ದೇನೆ. ಇದಕ್ಕಿಂತ ಹೆಚ್ಚಿನದು ಎಲ್ಲಿಯೂ ಸಿಗಲಿಲ್ಲ.

ಸಾಹೇಬರಿಗೆ ಹೇಳಿದೆ. ಅವರೂ ಬಂದು ನೋಡಿ, ಹೈದರಾಬಾದಿನಲ್ಲಿ ಒಂದು ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ನಿವೃತ್ತ ಮೇಜರ್ ಮಿತ್ರರೊಬ್ಬರಿಗೆ ಪತ್ರ ಬರೆದರು. ಆ ಕ್ಲಬ್ಬಿಗೆ ಮಾರ್ಕರ್ ಬೇಕಾಗಿದ್ದ. ಸದಸ್ಯರ ಜೊತೆ ಆಡಿ ಅವರಿಗೆ ಆಟ ಕಲಿಸುವ ಕಾಯಂ ನೌಕರನಿಗೆ ಮಾರ್ಕರ್ ಎನ್ನುತ್ತಾರೆ. ಇರಲು ಮನೆಯೂ ಕೊಡುತ್ತಾರೆ. ಫೆಬ್ರವರಿಯಲ್ಲಿ ತಾವೇ ಬಂದು ಅಮರಪ್ಪನನ್ನು ನೋಡುವುದಾಗಿ ಮೇಜರ್ ಉತ್ತರಿಸಿದರು. ನಮಗೆ ಮೂರು ವಾರ ಸಮಯವಿತ್ತು. ಕಾಲುವೆಯ ಕೆಲಸ ಇನ್ನೆರಡು ವರ್ಷದಲ್ಲಿ ಮುಗಿಯುವುದಿತ್ತು. ಅಮರಪ್ಪನ ಪಾಲಿಗೆ ಕೂಲಿಯಿಂದ ನೌಕರಿಗೆ ದಾಟಲು ಇದೊಂದೇ ಸೇತುವೆ, ಮತ್ತು ಅದನ್ನು ಭದ್ರಪಡಿಸುವ ಹೊಣೆ ಇಂಜಿನಿಯರನಾದ ನನ್ನದು ಎಂದು ಭಾವಿಸಿದೆ.

ಮೊದಲ ಚಿಂತೆ ಮಾನದ್ದು. ಹೈದರಾಬಾದಿನ ಮೇಜರ್ ಮುಂದೆ ನಮ್ಮ ಮನುಷ್ಯ ಬಿದಿರು ಹಿಡಿದು ನಿಂತರೆ ಇಲಾಖೆಯ ಗತಿಯೇನು? ಉಕ್ಕಿನ ಶಾಫ್ಟ್ ಕೊಡಬೇಕು. ಯಾವ ದರ್ಜೆ ಎಂದು ತಿಳಿಯಲು ಬಿದಿರಿನ ಬಾಗುವಿಕೆಯನ್ನು ಅಳೆಯಬೇಕು. ಕೋಲನ್ನು ರಾಯಚೂರಿಗೆ ತರಿಸಿ, ಒಂದು ತುದಿಯನ್ನು ಮೇಜಿನ ಇಕ್ಕಳವಾದ ವೈಸಿನಲ್ಲಿ ಬಿಗಿದು, ಇನ್ನೊಂದು ತುದಿಗೆ ತೂಕ ಕಟ್ಟುತ್ತ ಅದು ಎಷ್ಟೆಷ್ಟು ಬಾಗಿತೆಂದು ಬರೆಯುತ್ತ ಹೋದೆ. ಎರಡು ಕಿಲೋಗ್ರಾಂಗೇ ವಿಷಯ ಸ್ಪಷ್ಟವಾಯಿತು: ಈ ಬಿದಿರು ಎಲ್ ದರ್ಜೆಗಿಂತಲೂ ಮೆದು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮುರಿಯುವ ಭಾರ ಎಷ್ಟೆಂದು ಬರೆಯದ ಪರೀಕ್ಷಾ ವರದಿಗೆ ನಮ್ಮಲ್ಲಿ ಬೆಲೆಯಿಲ್ಲ. ಸೇತುವೆಯಾಗಲಿ ಸರಪಳಿಯಾಗಲಿ, ಮಾದರಿಯನ್ನು ಮುರಿದು ನೋಡಿಯೇ ಸಹಿ ಹಾಕಬೇಕು. ಮಾದರಿ ಇದೊಂದೇ, ಇದರಂಥದು ಬೇರೆ ಇಲ್ಲ ಎಂಬುದು ಆ ಕ್ಷಣದಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ. ತೂಕ ಹೇರುತ್ತಲೇ ಹೋದೆ. ಹನ್ನೊಂದನೆಯ ಕಿಲೋಗೆ ಇಪ್ಪತ್ತು ವರ್ಷದ ಬಿದಿರು ಒಂದು ಸಣ್ಣ ಸದ್ದು ಮಾಡಿ ಸೀಳಿತು. ವರದಿ ಬಹಳ ಚೆನ್ನಾಗಿ ಬಂತು.

ಎರಡು ತುಂಡುಗಳನ್ನು ಅಮರಪ್ಪನ ಕೈಗಿಟ್ಟಾಗ ಅವನು ಸೀಳಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ.

“ಹೋಗ್ಲಿ ಬಿಡ್ರಿ ಸಾಹೇಬ್ರ. ಬಿದಿರು ಏನು ಬಂಗಾರ ಏನ್ರೀ.”

ಬೇರೊಂದು ಬಿದಿರು ತಂದು ನೋಡಿದ. ಹಸಿ ಬಿದಿರು ಎಳೆದತ್ತ ಬಾಗಿ ಬಾಗಿದತ್ತಲೇ ಉಳಿಯಿತು. ನನ್ನ ಸ್ಟೋರಿನಲ್ಲಿ ಇದ್ದದ್ದು ಸಾಹೇಬರ ಎಕ್ಸ್ ಕೋಲುಗಳು ಮಾತ್ರ. ಪರೀಕ್ಷೆ ಹೇಳಿದ್ದು ಅತಿ ಮೆದು ಶಾಫ್ಟ್ ಕೊಡು ಎಂದು. ನಾನು ಕೊಟ್ಟದ್ದು ಅತಿ ಬಿಗಿಯಾದದ್ದು. ಈ ವಿರೋಧಕ್ಕೆ ಒಂದು ಪರಿಹಾರವನ್ನೂ ಕಂಡುಕೊಂಡೆ: ಶಾಫ್ಟ್ ಬದಲಾಗದಿದ್ದರೆ ಸ್ವಿಂಗ್, ಅಂದರೆ ಬೀಸುವ ಬಗೆ, ಬದಲಾಗಲಿ. ಗಾಲ್ಫ್ ಕಲಿಸುವ ಸಚಿತ್ರ ಪುಸ್ತಕವೊಂದು ಸಾಹೇಬರ ಬಳಿ ಇತ್ತು. ಜನ್ಮದಲ್ಲಿ ಹತ್ತು ಚೆಂಡು ಹೊಡೆಯದ ನಾನು ಅದನ್ನು ಎರಡು ಸಂಜೆಗಳಲ್ಲಿ ಓದಿ ಮುಗಿಸಿ ಗುರುಪೀಠ ಏರಿದೆ.

ದಿನವೂ ಬೆಳಿಗ್ಗೆ ಜೀಪಿನಲ್ಲಿ ಮಾನ್ವಿಗೆ ಹೋಗುತ್ತಿದ್ದೆ. ಎಡಗೈ ಬಾಗಬಾರದು, ತಲೆ ಅಲ್ಲಾಡಬಾರದು, ಮೇಲೆ ತಡೆಯಲೇಬಾರದು. ತಡೆಯುವುದು ದೋಷವೆಂದು ಪುಸ್ತಕದ ನಲವತ್ತನೆಯ ಪುಟದ ಚಿತ್ರದಲ್ಲಿ ಕೆಂಪು ಬಾಣ ತೋರಿಸುತ್ತಿತ್ತು.

“ಹಿಂಗ ಮಾಡಿದ್ರ ತುದಿ ಬರೂದು ಗೊತ್ತಾಗವಲ್ದ್ರೀ,” ಎಂದ ಅಮರಪ್ಪ ಮೂರನೆಯ ದಿನ. “ಕೈಯಾಗ ಹಾರಿ ಹಿಡದಂಗ ಆಗ್ತದ.” ಹಾರೆಯನ್ನು ಅವನ ಕಡೆ ಹಾರಿ ಎನ್ನುತ್ತಾರೆ.

“ಉಕ್ಕಪಾ ಅದು. ರೂಢಿ ಆಗ್ತದ.”

ರೊಟ್ಟಿ ಗಂಟು ತಂದ ಹುಲಿಗೆವ್ವ ಏರಿಯ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿದಳು.

“ಏನ್ರೀ ಸಾಹೇಬ್ರ, ಕುರಿ ಕಾಯಾಂವ್ಗ ಕೋಲು ಹಿಡಿಯೂದು ಕಲಸಾಕತ್ತೀರಿ?”

“ಏ, ಸುಮ್ನಿರಬೇ,” ಎಂದ ಅಮರಪ್ಪ.

“ನಾ ಸುಮ್ನಽ ಅದೀನಿ. ನಿನ್ನ ಚೆಂಡು ಎಲ್ಲೈತಿ ನೋಡ್ಕೊ. ಮೊದಲ ಬೇವಿನಗಿಡದ ಬುಡಕ ಹೋಗಿ ಆರಿಸ್ತಿದ್ದಿ. ಈಗ ಊರೆಲ್ಲ ಹುಡಕಾಕತ್ತಿ.”

ಹೆಂಗಸು ಹೇಳಿದ್ದು ಅಕ್ಷರಶಃ ನಿಜ. ಚೆಂಡುಗಳು ಕೆಳಗೇ ಹಾರಿ, ಬಲಕ್ಕೆ ತಿರುಗಿ ಕಾಲುವೆಯತ್ತ ಹೋಗುತ್ತಿದ್ದವು. ಬಿಗಿ ಶಾಫ್ಟ್ ಅವನ ಬೀಸಿಗೆ ಬಾಗದೆ ಇದ್ದುದೇ ಕಾರಣ. ಸಾಹೇಬರ ಮೊಣಕೈಗೆ ಔಷಧಿ ತಂದುಕೊಟ್ಟಿದ್ದ ನನಗೆ ಇದು ಗೊತ್ತಾಗಬೇಕಿತ್ತು. ಗೊತ್ತೂ ಆಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆದರೆ ವಾರಗಟ್ಟಲೆ ಬೋಧಿಸಿದ ಮೇಲೆ ಬೋಧನೆ ತಪ್ಪು ಎನ್ನುವುದು ನನ್ನಂಥವನಿಗೆ ಬೋಧನೆಗಿಂತ ಕಷ್ಟದ ಕೆಲಸ.

ಮೇಜರ್ ಬಂದ ದಿನ ಬಿಸಿಲು ಏರುವ ಮೊದಲೇ ಎಲ್ಲರೂ ಮೈದಾನದಲ್ಲಿದ್ದೆವು. ಅಮರಪ್ಪನಿಗೆ ಒಗೆದ ಅಂಗಿ, ಸಾಹೇಬರ ಹಳೆಯ ಬೂಟು. ಹುಲಿಗೆವ್ವ ಕೆಲಸಕ್ಕೆ ಹೋಗದೆ ಏರಿಯ ಮೇಲೆ ಕುಳಿತಿದ್ದಳು. ಮೇಜರ್ ಕಡಿಮೆ ಮಾತಿನ ಮನುಷ್ಯ. ಹತ್ತು ಚೆಂಡು ಇಟ್ಟು ಬೇವಿನ ಮರವನ್ನು ತೋರಿಸಿದರು.

ಮೊದಲ ನಾಲ್ಕು ಕಾಲುವೆಗೆ ಹೋದವು. ಐದನೆಯದಕ್ಕೆ ಅಮರಪ್ಪ ಮೇಲೆ ತಡೆಯಲು ಹೋಗಿ, ನನ್ನ ಮುಖ ನೋಡಿ, ತಡೆಯದೆ ಬೀಸಿದ. ಅದು ಮೂವತ್ತು ಗಜ ಉರುಳಿತು. ಹತ್ತರಲ್ಲಿ ಮರದ ಹತ್ತಿರ ಬಿದ್ದದ್ದು ಒಂದು.

ಮೇಜರ್ ಹತ್ತಿರ ಹೋಗಿ ಅಮರಪ್ಪನ ಎರಡೂ ಅಂಗೈ ತಿರುಗಿಸಿ ನೋಡಿದರು. ಆಮೇಲೆ ನನ್ನತ್ತ ತಿರುಗಿ, “ಹಾಥ್ ಅಚ್ಛೇ ಹೈಂ. ಸ್ವಿಂಗ್ ಬಿಗಾಡ್ ಲಿಯಾ. ಕಿಸ್ನೇ ಸಿಖಾಯಾ ಇಸ್ಕೋ?” ಎಂದರು. ಕೈ ಚೆನ್ನಾಗಿದೆ, ಸ್ವಿಂಗ್ ಕೆಡಿಸಿಕೊಂಡಿದ್ದಾನೆ, ಯಾರು ಕಲಿಸಿದರು ಇವನಿಗೆ?

ಅವರು ಕೇಳಿದ್ದು ಆರೋಪಿಯನ್ನು ಹಿಡಿಯಲಲ್ಲ ಎಂದು ಆಮೇಲೆ ಹೊಳೆಯಿತು. ಯಾರೋ ಇತ್ತೀಚೆಗೆ ಕೆಡಿಸಿದ್ದರೆ ಸರಿಮಾಡಬಹುದು ಎಂಬ ಲೆಕ್ಕ ಅವರದು. ನಾನು ಮೂರು ವಾಕ್ಯ ಹೇಳಿದ್ದರೆ ಸಾಕಿತ್ತು: ಕೋಲು ಮುರಿದದ್ದು ನಾನು, ಈ ಶಾಫ್ಟ್ ಕೊಟ್ಟದ್ದು ನಾನು, ಕಲಿಸಿದ್ದು ನಾನು. ಪಕ್ಕದಲ್ಲಿ, ಇದಾವುದೂ ತಿಳಿಯದ ಸಾಹೇಬರು ನಿಂತಿದ್ದರು. ಆ ತಿಂಗಳು ನನ್ನ ಬಡ್ತಿಯ ಗೋಪ್ಯ ವರದಿ ಅವರ ಮೇಜಿನ ಮೇಲಿತ್ತು.

“ಖುದ್ ಸೀಖಾ ಸಾಬ್. ದೇಖ್ ದೇಖ್ ಕೇ,” ಎಂದೆ. ತಾನೇ ನೋಡಿ ನೋಡಿ ಕಲಿತ.

ರಾಯಚೂರು ಸೀಮೆಯಲ್ಲಿ ಈ ಭಾಷೆ ತಿಳಿಯದವರಿಲ್ಲ. ಅಮರಪ್ಪ ತಲೆಯೆತ್ತಿ ನನ್ನನ್ನು ನೋಡಲಿಲ್ಲ. ಚೆಂಡು ಆರಿಸಲು ಕಾಲುವೆಯತ್ತ ನಡೆದ. ತಾನೇ ಕಲಿತದ್ದಾದರೆ ಇಷ್ಟೇ ಇವನ ಮಟ್ಟ ಎಂದು ಮೇಜರ್ ನಮ್ಮ ಸಾಹೇಬರಿಗೆ ಇಂಗ್ಲಿಷಿನಲ್ಲಿ ಸೌಜನ್ಯದಿಂದ ಹೇಳಿ, ಚಹಾ ಕುಡಿದು ಹೊರಟರು. ಏರಿಯ ಮೇಲಿದ್ದ ಹುಲಿಗೆವ್ವ ಎದ್ದು, ಸೆರಗು ಬಿಗಿದು, ಅರ್ಧ ದಿನದ ಹಾಜರಿಯಾದರೂ ಸಿಗಲಿ ಎಂದು ಕಲ್ಲಿನ ಕಡೆ ಹೋದಳು. ನನಗೆ ಬಡ್ತಿ ಬಂತು.

1982ರಲ್ಲಿ ಕಾಲುವೆಯ ಕೆಲಸ ಮುಗಿದು ಮಸ್ಟರ್ ರೋಲ್ ರದ್ದಾಯಿತು. ಅಮರಪ್ಪನ ಹೆಸರು ಅದರೊಂದಿಗೆ ಹೋಯಿತು.

1985ರಲ್ಲಿ ಪಂಪುಗಳ ತಪಾಸಣೆಗೆಂದು ದೇವದುರ್ಗಕ್ಕೆ ಹೋಗಿ ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದೆ. ಅರಕೇರಾ ಅಲ್ಲಿಂದ ದೂರವಿಲ್ಲ. ಹೋಗಬೇಕು, ಹೇಳಬೇಕು ಎಂದು ಎರಡು ದಿನ ಅಂದುಕೊಂಡು, ಎರಡು ದಿನವೂ ಪಂಪುಗಳಲ್ಲಿ ಹೊಸ ದೋಷಗಳನ್ನು ಕಂಡುಹಿಡಿದೆ. ಮೂರನೆಯ ದಿನ ಮಧ್ಯಾಹ್ನ ಅವನೇ ಬಂದ. ನಾನು ಬಂದಿರುವುದು ಸಂತೆಯಲ್ಲಿ ಗೊತ್ತಾಯಿತಂತೆ. ಹೆಗಲ ಮೇಲೆ ಕಂಬಳಿ, ಕೂದಲಲ್ಲಿ ಅಷ್ಟು ಬೇಗ ಬರಬಾರದಿದ್ದ ಬಿಳಿ. ಕುರ್ಚಿ ತೋರಿಸಿದರೆ ಮೆಟ್ಟಿಲ ಮೇಲೆಯೇ ಕುಳಿತ. ಮಳೆಗಾಲ ಮುಗಿಯುವ ತನಕ ಕುರಿ ಹಿಂದೆ, ಆಮೇಲೆ ಗಂಡಹೆಂಡತಿ ಇಬ್ಬರೂ ದೂರದ ಊರಿಗೆ ಕಲ್ಲು ಕೆಲಸಕ್ಕೆ ಎಂದು ಹೇಳಿದ. ಕಂಬಳಿಯನ್ನು ಹೆಗಲಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡು ಅಂದ:

“ಒಂದು ಮಾತು ಹೇಳೂದಿತ್ರೀ. ಅವತ್ತು ಆ ಮೇಜರ್ ಸಾಹೇಬ್ರ ಮುಂದ ನಿಮ್ಮ ಮಾನ ಕಳದೆ. ದಿನಾ ರಾಯಚೂರಿಂದ ಬಂದು ಕಲಿಸಿದ್ರಿ. ನನ್ನ ಕೈಗೆ ಹತ್ತಲಿಲ್ಲ. ನೀವು ನನ್ನ ಹೆಸರು ಮುಂದ ಮಾಡಿ ಹೇಳಿದ್ರಿ, ಆದರೂ ನಾ ಉಳಿಸ್ಕೊಳ್ಳಲಿಲ್ಲ. ತಪ್ಪಾತ್ರೀ ಯಪ್ಪಾ.”

ನನ್ನ ಸುಳ್ಳನ್ನು ಅವನು ಹೀಗೆ ಅರ್ಥ ಮಾಡಿಕೊಂಡಿದ್ದ: ಕಲಿತ ಕೀರ್ತಿಯನ್ನು ನಾನು ಅವನಿಗೇ ಬಿಟ್ಟುಕೊಟ್ಟೆ ಎಂದು. ಐದು ವರ್ಷ ಅದನ್ನು ಹೊತ್ತು ತಿರುಗಿದ್ದ. ಹೇಳಬೇಕಾದ ಮೂರು ವಾಕ್ಯಗಳು ನನ್ನ ಬಾಯಲ್ಲೇ ಇದ್ದವು. ಅವನ ಮುಖ ನೋಡಿದೆ.

“ಇರ್ಲಿ ಬಿಡಪಾ ಅಮರಪ್ಪ,” ಎಂದೆ. “ಆಗೂದು ಆಗ್ತದ.”

ಅವನಿಗೆ ಬಹಳ ಹಗುರವಾದಂತೆ ಕಂಡಿತು. ಚಹಾ ಕುಡಿದು, ಎರಡೂ ಕೈ ಮುಗಿದು ಹೋದ.

ಕಿರಿಯ ಇಂಜಿನಿಯರುಗಳಿಗೆ ಉಪನ್ಯಾಸ ಕೊಡಲು ಕರೆದಾಗ ನಾನು ಒಂದು ಮಾತು ತಪ್ಪದೆ ಹೇಳುತ್ತಿದ್ದೆ: ಚೆನ್ನಾಗಿ ನಡೆಯುತ್ತಿರುವುದನ್ನು ಸುಧಾರಿಸುವ ಮೊದಲು, ಅದು ಹೇಗೆ ನಡೆಯುತ್ತಿದೆ ಎಂದು ನಡೆಸುವವನನ್ನು ಕೇಳಿ, ಅವನು ಹೇಳಿದ್ದನ್ನು ನಂಬಿ. ಅವರು ಬರೆದುಕೊಳ್ಳುತ್ತಿದ್ದರು. ವೃತ್ತಿ ಕಲಿಸಿದ ಎರಡನೆಯ ಪಾಠವನ್ನು ಅಲ್ಲಿ ಹೇಳಲಿಲ್ಲ: ಮುರಿದವನು ತಾನೇ ಎಂದು ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಹೇಳದಿದ್ದರೆ, ಮುಂದೆ ಹೇಳುವ ಪ್ರತಿಯೊಂದು ಅವಕಾಶವೂ ಹಿಂದಿನದಕ್ಕಿಂತ ಬಿಗಿಯಾಗುತ್ತ ಹೋಗುತ್ತದೆ. ಇಲ್ಲಿ ಎಲ್ಲವನ್ನೂ ಬರೆದಿದ್ದೇನೆ. ಅಮರಪ್ಪನಿಗೆ ಓದು ಬರುವುದಿಲ್ಲ. ಬರುತ್ತಿದ್ದರೆ ಬರೆಯುತ್ತಿದ್ದೆನೋ ಇಲ್ಲವೋ, ಹೇಳಲಾರೆ.